ಹಲ್ಲಿನ ಕ್ಲಿಪ್: ಹೆಚ್ಚು ಬೆಲೆಯದೇ ಬೇಕೆ?

ವಿಕಾರವಾಗಿ ಹುಟ್ಟಿದ ಹಲ್ಲುಗಳನ್ನು ನಮ್ಮ ಪ್ರಾಚೀನ ಆಚಾರ್ಯರು ಗಮನಿಸಿದ್ದರು. ವಾಗ್ಭಟಾಚಾರ್ಯರ ಅಷ್ಟಾಂಗಹೃದಯದಲ್ಲಿ ಇದಕ್ಕೆ ‘ಕರಾಲ’ವೆಂಬ ಹೆಸರಿದೆ. ಆದರೆ ಹಲ್ಲನ್ನು ಸರಿಸಿ ಸಾಲಿಗೆ ತರುವ ಕಾರ್ಯವು ಕಷಾಯದಿಂದಾಗಲಿ, ಗಂಡೂಷದಿಂದಾಗಲಿ ಆಗತಕ್ಕದ್ದಲ್ಲ. ಅದು ದಂತವೈದ್ಯರ ಕ್ಷೇತ್ರ. ಆದರೂ ನಮ್ಮಲ್ಲಿಗೆ ಬರುವ ತಂದೆ-ತಾಯಿಯರು ಈಚೆಗೆ ಕೇಳುವ ಪ್ರಶ್ನೆಯೊಂದಿದೆ: “ಸೆಲ್ಫ್ ಲೈಗೇಟಿಂಗ್ ಎಂಬ ಕ್ಲಿಪ್ ಹಾಕಿಸಿದರೆ ಬೇಗ ಮುಗಿಯುತ್ತದಂತೆ, ಬೆಲೆ ಮಾತ್ರ ಹೆಚ್ಚು. ಸಾಲ ಮಾಡಿಯಾದರೂ ಹಾಕಿಸಬೇಕೆ?”

ಭೇದವೇನು?

ಪ್ರತಿ ಹಲ್ಲಿಗೂ ಬ್ರಾಕೆಟ್ ಎಂಬ ಸಣ್ಣ ತುಂಡನ್ನು ಅಂಟಿಸಿ, ಅದರ ಗಾಡಿಯಲ್ಲಿ ತಂತಿಯನ್ನು ಕೂರಿಸುತ್ತಾರೆ. ಸಾಮಾನ್ಯ ಕ್ಲಿಪ್ಪಿನಲ್ಲಿ ತಂತಿಯು ಜಾರದಂತೆ ಪುಟ್ಟ ರಬ್ಬರ್ ಉಂಗುರದಿಂದ ಇಲ್ಲವೆ ಉಕ್ಕಿನ ಎಳೆಯಿಂದ ಕಟ್ಟುತ್ತಾರೆ. ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟಿಗಾದರೋ ತನ್ನದೇ ಆದ ಬಾಗಿಲು ಇರುತ್ತದೆ. ಅದನ್ನು ಮುಚ್ಚಿದರೆ ತಂತಿ ಒಳಗೆ ಉಳಿಯುತ್ತದೆ, ಬೇರೆ ಕಟ್ಟು ಬೇಡ. ಈ ಕಲ್ಪನೆ ಹೊಸದಲ್ಲ. 1930ರ ದಶಕದಲ್ಲಿಯೇ ಅಮೆರಿಕದ ಸ್ಟೋಲ್ಜೆನ್‌ಬರ್ಗ್ ಎಂಬ ವೈದ್ಯರು ಇಂಥದನ್ನು ರೂಪಿಸಿದ್ದರು.

ಲಾಭವೆಷ್ಟು?

ಕಟ್ಟು ಬಿಚ್ಚಿ ಕಟ್ಟುವ ಕೆಲಸವಿಲ್ಲದ ಕಾರಣ ಪ್ರತಿ ಭೇಟಿಯಲ್ಲೂ ಕೆಲವು ನಿಮಿಷ ಉಳಿಯುತ್ತವೆ. ಸಾರು-ಪಲ್ಯದ ಅರಿಶಿನ ತಾಗಿ ರಬ್ಬರ್ ಉಂಗುರ ಹಳದಿಯಾಗುವ ಚಿಂತೆಯೂ ಇಲ್ಲ. ಆದರೆ ಒಟ್ಟು ಚಿಕಿತ್ಸೆ ಬೇಗ ಮುಗಿಯುತ್ತದೆ, ನೋವು ಕಡಿಮೆ, ಹಲ್ಲು ಕೀಳಿಸಬೇಕಾಗಿಲ್ಲ ಎಂಬ ಮಾತುಗಳಿಗೆ ತಕ್ಕ ಆಧಾರ ದೊರೆತಿಲ್ಲ. ಎರಡು ಬಗೆಯ ಕ್ಲಿಪ್ಪುಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಚಿಕಿತ್ಸೆಯ ಅವಧಿಯಲ್ಲಿ ಗಣನೀಯ ವ್ಯತ್ಯಾಸ ಕಂಡಿಲ್ಲ.

ಇದಕ್ಕೆ ಕಾರಣವನ್ನು ಶರೀರಧರ್ಮದಲ್ಲಿಯೇ ಕಾಣಬಹುದು. ತಂತಿಯ ಒತ್ತಡ ಬಿದ್ದ ಕಡೆ ದವಡೆಯ ಮೂಳೆ ಕರಗುತ್ತದೆ; ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ಮೂಳೆಯ ಈ ನಡಿಗೆಯನ್ನು ಬ್ರಾಕೆಟ್ಟಿನ ಬಾಗಿಲು ಅವಸರಿಸಲಾರದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕಾಗುತ್ತದೆ.

ಆದ್ದರಿಂದ ಹೆಚ್ಚು ಬೆಲೆಯ ಕ್ಲಿಪ್ಪಿಗಾಗಿ ಸಾಲ ಮಾಡಬೇಕಾಗಿಲ್ಲ. ಕ್ಲಿಪ್ಪಿನ ಬಗೆಗಿಂತ ಅದನ್ನು ಹಾಕುವ ಕೈ ಮುಖ್ಯ. ವೈದ್ಯರು ಹಲ್ಲು ಜೋಡಣೆಯಲ್ಲಿಯೇ ಎಂ.ಡಿ.ಎಸ್. ಪಡೆದವರೇ ಎಂದು ವಿಚಾರಿಸಿರಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂತಹ ಬೋಧನಾ ಆಸ್ಪತ್ರೆಗಳಲ್ಲಿ ವೆಚ್ಚ ಸಾಮಾನ್ಯವಾಗಿ ಕಡಿಮೆ.

ಪಾಲಿಸಬೇಕಾದ ಪಥ್ಯ

ಕ್ಲಿಪ್ ಯಾವುದೇ ಇರಲಿ, ಪಥ್ಯ ಒಂದೇ. ಚಕ್ಕುಲಿ, ಕೋಡುಬಳೆ, ಹುರಿದ ಕಡಲೆ, ಕಬ್ಬು ಇವುಗಳನ್ನು ಕಚ್ಚಿದರೆ ಬ್ರಾಕೆಟ್ ಕಿತ್ತುಬರುತ್ತದೆ. ಅಂಟಿನ ಉಂಡೆ, ಚಿಕ್ಕಿ, ಬೆಲ್ಲದ ಪಾಕ ಅಂಟಿಕೊಂಡು ಹುಳುಕಿಗೆ ದಾರಿಯಾಗುತ್ತವೆ. ಬೇವಿನ ಕಡ್ಡಿಯನ್ನು ನಾವೇ ಸದಾ ಹೇಳುವವರು. ಆದರೆ ಕ್ಲಿಪ್ ಇರುವಷ್ಟು ಕಾಲ ಅದನ್ನು ಬಿಟ್ಟು, ಮೃದುವಾದ ಬ್ರಷ್ಷಿನಿಂದ ಊಟವಾದ ಮೇಲೆಲ್ಲ ಬ್ರಾಕೆಟ್ಟುಗಳ ಸುತ್ತ ಉಜ್ಜಬೇಕು. ಇಲ್ಲವಾದರೆ ಕ್ಲಿಪ್ ತೆಗೆದ ದಿನ ಹಲ್ಲಿನ ಮೇಲೆ ಬಿಳಿಯ ಮಚ್ಚೆಗಳು ಕಾಣುತ್ತವೆ. ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಮೊದಲ ದಿನಗಳ ಹುಣ್ಣಿಗೆ ಹಿತಕರ.

ಕೊನೆಯದೊಂದು ಮಾತು. ಕ್ಲಿಪ್ ತೆಗೆದೊಡನೆ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಸರಿದ ಹಲ್ಲು ಹಳೆಯ ಸ್ಥಾನಕ್ಕೆ ಮರಳಲು ಹವಣಿಸುತ್ತದೆ. ವೈದ್ಯರು ಕೊಡುವ ರಿಟೈನರನ್ನು ಅವರು ಹೇಳಿದಷ್ಟು ಕಾಲ ಧರಿಸಬೇಕು. ಎರಡು ವರ್ಷದ ತಾಳ್ಮೆ, ಖರ್ಚು ಎರಡೂ ವ್ಯರ್ಥವಾಗದಂತೆ ಕಾಯುವುದು ಅದೇ.