ಎದೆಬಡಿತದ ತಾಳ ತಪ್ಪಿದಾಗ



ನಮ್ಮ ಒಂದು ಸಂಘದ ಸದಸ್ಯೆ ಒಂದೇ ಒಂದು ಕಂತನ್ನೂ ತಪ್ಪಿಸಿದವರಲ್ಲ. ಸಭೆಯಲ್ಲಿ ನಾನೇ ಅವರನ್ನು ಹೊಗಳಿದ್ದೆ. ಆದರೆ ಕಂತು ಕಟ್ಟುವುದಕ್ಕಾಗಿ ಅವರು ಮೂರು ತಿಂಗಳಿಂದ ಹೃದಯದ ಮಾತ್ರೆ ನಿಲ್ಲಿಸಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ಆರಾಮಾಗೇ ಇದೀನಲ್ಲ, ಮಾತ್ರೆ ಯಾಕೆ ಅಂದ್ಕೊಂಡೆ ಸಿಸ್ಟರ್" ಎಂದು ಆಮೇಲೆ ತೊದಲುತ್ತಾ ಹೇಳಿದರು. ಅಷ್ಟರಲ್ಲಿ ಬಲಗೈ ಸ್ವಾಧೀನ ತಪ್ಪಿತ್ತು.

ಏನಿದು ಕಾಯಿಲೆ?

ಇದರ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತವೆ. ನಾಡಿ ಹಿಡಿದು ನೋಡಿದರೆ ಬಡಿತಕ್ಕೆ ಲೆಕ್ಕವೇ ಸಿಗುವುದಿಲ್ಲ. ಎದೆ ಡವಡವ ಅನ್ನುವುದು, ಏದುಸಿರು, ಸುಸ್ತು ಇರಬಹುದು; ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಇ.ಸಿ.ಜಿ. ತೆಗೆದರೆ ತಿಳಿಯುತ್ತದೆ. ವಯಸ್ಸು, ಬಿ.ಪಿ., ಥೈರಾಯ್ಡ್ ತೊಂದರೆ ಇದಕ್ಕೆ ಕಾರಣವಾಗಬಹುದು. ಚಿಕ್ಕಂದಿನಲ್ಲಿ ಗಂಟಲುನೋವಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾದವರಿಗೆ ಚಿಕ್ಕ ವಯಸ್ಸಿನಲ್ಲೇ ಬರಬಹುದು.

ಹರಿಯದೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆ ಇದ್ದವರಿಗೆ ಆ ಅಪಾಯ ಸುಮಾರು 5 ಪಟ್ಟು ಹೆಚ್ಚು.

ಮನೆಯಲ್ಲಿದ್ದೇ ಚಿಕಿತ್ಸೆ

ಹೆಚ್ಚಿನವರು ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಹೊರರೋಗಿ ವಿಭಾಗಕ್ಕೆ ತಪ್ಪದೆ ಹೋದರೆ ಸಾಕು. ಬಡಿತ ನಿಧಾನ ಮಾಡಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇನ್ನೊಂದು. ಆಸ್ಪಿರಿನ್ ಈ ಎರಡನೆಯದರ ಕೆಲಸ ಮಾಡುವುದಿಲ್ಲ.

ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರಿಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಬೇಕೇ ಬೇಕು. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಕಡಿಮೆಯಾದರೆ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಈ ಪರೀಕ್ಷೆ ಬೇಕಿಲ್ಲದ ಹೊಸ ಮಾತ್ರೆಗಳೂ ಬಂದಿವೆ. ಆದರೆ ರುಮ್ಯಾಟಿಕ್ ಕಾಯಿಲೆಯಿಂದ ಕವಾಟ ಕಿರಿದಾದವರಿಗೆ ಹಳೆಯದೇ ಒಳ್ಳೆಯದು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ನೋಡಿ ಬದಲಾಯಿಸಬೇಡಿ.

ನೆನಪಿಡಿ

1. ಮಾತ್ರೆ ಪ್ರತಿದಿನ ಒಂದೇ ಹೊತ್ತಿಗೆ. ಮರೆತರೆ ಮಾರನೇ ದಿನ ಎರಡು ನುಂಗಬೇಡಿ.

2. ವಾರ್ಫರಿನ್ ನುಂಗುವವರು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ಬಸಳೆ, ಇನ್ನೊಂದು ವಾರ ಏನೂ ಇಲ್ಲ, ಹಾಗೆ ಮಾಡಬೇಡಿ. ಒಂದೇ ಅಳತೆಯಲ್ಲಿ ತಿನ್ನಿ.

3. ಅಂಗಡಿಯಿಂದ ಮೈಕೈ ನೋವಿನ ಮಾತ್ರೆ, ನಾಟಿ ಔಷಧಿ ಕೇಳದೆ ತಗೋಬೇಡಿ.

4. ಹಲ್ಲು ಕೀಳಿಸುವ ಮುಂಚೆ, ಗರ್ಭಿಣಿಯಾಗುವ ಯೋಚನೆ ಇದ್ದರೆ ಅಥವಾ ಮುಟ್ಟು ನಿಂತರೆ ಕೂಡಲೇ ಡಾಕ್ಟರಿಗೆ ಹೇಳಿ. ವಾರ್ಫರಿನ್ ಮಗುವಿಗೆ ತೊಂದರೆ ಕೊಡಬಹುದು.

5. ಕಪ್ಪು ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ಮುಟ್ಟಿನ ಸ್ರಾವ, ತಲೆಗೆ ಪೆಟ್ಟು: ತಡಮಾಡಬೇಡಿ, ಆಸ್ಪತ್ರೆಗೆ ಹೋಗಿ.

6. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಶುರುವಾದ ಹೊತ್ತು ನೆನಪಿಡಿ. ಮೊದಲ ನಾಲ್ಕೂವರೆ ಗಂಟೆ ಬಹಳ ಮುಖ್ಯ.

ಸಂಘ ಏನು ಮಾಡಬಹುದು?

ಸಾಲದ ಪುಸ್ತಕ ತೆರೆಯುವ ಮುಂಚೆ "ಯಾರ ಮಾತ್ರೆ ಮುಗಿದಿದೆ?" ಎಂದು ಕೇಳಿ. ಪರೀಕ್ಷೆಯ ದಿನ ಒಬ್ಬರು ಜೊತೆಗೆ ಹೋಗಿ. ಕಷ್ಟವಿದ್ದರೆ ಕಂತನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಬಾಕಿ ಬಿದ್ದ ಕಂತನ್ನು ಮುಂದಿನ ತಿಂಗಳು ಕಟ್ಟಬಹುದು. ಬಿದ್ದ ಕೈಯನ್ನು ಎತ್ತುವುದು ಅಷ್ಟು ಸುಲಭವಲ್ಲ. ಆ ಸಹೋದರಿ ಈಗ ಎಡಗೈಯಲ್ಲಿ ಸಹಿ ಹಾಕಲು ಕಲಿಯುತ್ತಿದ್ದಾರೆ.