ಅವ್ವನ ಬಳೆ, ತಮ್ಮನ ಗರಗಸ

"ಅಕ್ಕಾ, ಬ್ಯಾಂಡ್ ಸಾ ಒಂದು ತಗೊಂಡ್ರ ಲೈಫ್ ಸೆಟ್ ನೋಡು. ಅವ್ವ ಬಳಿ ಕೊಡ್ತೀನಿ ಅಂದಾಳ."

ಸಿಂಧನೂರಿನಿಂದ ತಮ್ಮನ ಫೋನ್. ಐಟಿಐ ಮುಗಿಸಿ ನಾಲ್ಕು ವರ್ಷ ಬೇರೆಯವರ ವೆಲ್ಡಿಂಗ್ ಶಾಪ್‌ನಲ್ಲಿ ದುಡಿದವನು ಈಗ ಸ್ವಂತ ಶೆಡ್ ಹಾಕುತ್ತಿದ್ದ. ಕಬ್ಬಿಣ ಕತ್ತರಿಸುವ ಆ ಮಷಿನ್‌ಗೆ ಬಂದಿದ್ದ ಕೊಟೇಶನ್ 1.35 ಲಕ್ಷ. ಅವ್ವನ ಬಳೆಗಳು ನನ್ನ ಕಾಲೇಜು ಫೀಸಿಗೆಂದು ಒಮ್ಮೆ ಬ್ಯಾಂಕಿಗೆ ಹೋಗಿ ಬಂದಿವೆ. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿದಿತ್ತು. "ದುಡುಕಬೇಡ, ಶನಿವಾರ ಬರ್ತೀನಿ" ಅಂದೆ.

ಬೆಂಗಳೂರಿನಲ್ಲಿ ಕೂತು ವಿಡಿಯೋ ನೋಡಿದರೆ ಎಲ್ಲ ಮಷಿನ್‌ಗಳೂ ಚೆಂದವೇ. ಅದಕ್ಕೇ ಬಳಸುವವರನ್ನೇ ಕೇಳೋಣ ಎಂದು ಬೈಕ್ ಹತ್ತಿದೆವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಹೆದ್ದಾರಿ 150ಎ ಮೇಲೆಯೇ ಇವೆ.

ಸಿಂಧನೂರು: ಟ್ರೇಲರ್ ಕೆಲಸ

ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತ, ರೈಸ್ ಮಿಲ್, ಟ್ರ್ಯಾಕ್ಟರ್. ತಮ್ಮನ ಹಳೆಯ ಯಜಮಾನರು ಕಟ್ಟುವುದು ಹೆಚ್ಚಾಗಿ ಟ್ರೇಲರ್. ಅವರ ಬಳಿ ಇರುವುದು 14 ಇಂಚಿನ ಕಟಿಂಗ್ ಮಷಿನ್, ಅಂದರೆ ಚಾಪ್ ಸಾ. ಇದರ ವೀಲ್‌ಗೆ ಹಲ್ಲಿಲ್ಲ. ಅಂಟಿನಲ್ಲಿ ಹಿಡಿದಿಟ್ಟ ಗಟ್ಟಿ ಹರಳುಗಳು ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗಿ ಕಬ್ಬಿಣವನ್ನು ತೇಯ್ದು ಕತ್ತರಿಸುತ್ತವೆ. ಆಂಗಲ್, ಚಾನೆಲ್, ಪೈಪ್ ಏನಿಟ್ಟರೂ ಸರಿ, ಸಿಂಗಲ್ ಫೇಸ್ ಸಾಕು. ಆದರೆ ಕಿಡಿ, ಧೂಳು, ಸದ್ದು ವಿಪರೀತ. ಒಂದು ಕಟ್‌ಗೆ ಸುಮಾರು 3 ಮಿ.ಮೀ. ಕಬ್ಬಿಣ ಪುಡಿಯಾಗುತ್ತದೆ. ನೂರು ಕಟ್ ಆದರೆ ಒಂದಡಿ ಹೋಯಿತು.

"ಪಂಪ್‌ಸೆಟ್ ನಡಿಯೋ ಹೊತ್ತಿನ್ಯಾಗ ವೋಲ್ಟೇಜ್ ಬೀಳ್ತೈತಿ ತಂಗಿ. ಆಗ ಒತ್ತಬಾರ್ದು, ಮೋಟರ್ ಸುಡ್ತೈತಿ" ಅಂದರು.

ಮಸ್ಕಿ: ಗೇಟು, ಗ್ರಿಲ್ಲು

ಇಲ್ಲಿ ನಮ್ಮ ಸೋದರಮಾವನ ಅಂಗಡಿ. ಗೇಟ್, ಕಿಟಕಿ ಗ್ರಿಲ್ ಮಾಡಿ ಮನೆಗೇ ಹೋಗಿ ಕೂಡಿಸಿ ಬರುವ ಕೆಲಸ. ಹೀಗಾಗಿ ಕೈಯಲ್ಲಿ ಹಿಡಿಯುವ 4 ಇಂಚಿನ ಗ್ರೈಂಡರೇ ಅವನಿಗೆ ಬಲಗೈ. ವೇಗ ನಿಮಿಷಕ್ಕೆ ಸುಮಾರು 11,000 ಸುತ್ತು. ಗೋಡೆಯ ಮೊಳೆಗೆ ಹ್ಯಾಕ್ಸಾ ಕೂಡ ತೂಗಾಡುತ್ತಿತ್ತು. ತೆಳು ಪೈಪ್‌ಗೆ ಇಂಚಿಗೆ 32 ಹಲ್ಲಿನ ಬ್ಲೇಡ್, ದಪ್ಪ ಪಟ್ಟಿಗೆ 18 ಹಲ್ಲಿನದು. ಕರೆಂಟ್ ಹೋದ ದಿನ ಅದೇ ಗತಿ.

ಮಾವನ ಎಡಗಣ್ಣು ಈಗಲೂ ಮಸುಕು. "ಗಾರ್ಡ್ ಬಿಚ್ಚಿ ದೊಡ್ಡ ವೀಲ್ ಹಾಕಿದ್ದೆ. ವೀಲ್ ಒಡದು ಬಂದು ಬಡೀತು. ಅರ್ಧ ತಾಸು ಉಳಸಾಕ್ ಹೋಗಿ ಕಣ್ಣು ಕೊಟ್ಟೆ ನೋಡವ್ವಾ."

ಪ್ರತಿ ವೀಲ್ ಮೇಲೂ ಅದು ತಡೆಯುವ ಗರಿಷ್ಠ ವೇಗ ಬರೆದಿರುತ್ತದೆ. ವೀಲ್ ದೊಡ್ಡದಾದಷ್ಟೂ ಆ ವೇಗ ಕಡಿಮೆ. 14 ಇಂಚಿನದಕ್ಕೆ ಅದು 4,300ರ ಆಸುಪಾಸು. ಒಳ್ಳೆಯ ವೀಲ್ ಆದರೆ ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ತಿಂಗಳು, ವರ್ಷವೂ ಇರುತ್ತದೆ. ತೇವ ಹತ್ತಿದರೆ ಅಂಟು ಸಡಿಲವಾಗುತ್ತದೆ. ತಮ್ಮ ಇದನ್ನೆಲ್ಲ ಐಟಿಐನಲ್ಲಿ ಓದಿದ್ದವನೇ. ಆದರೂ ಮಾವನ ಕಣ್ಣನ್ನೇ ನೋಡುತ್ತ ಸುಮ್ಮನೆ ನಿಂತಿದ್ದ.

ಲಿಂಗಸುಗೂರು: ಶಾಫ್ಟ್ ಕೆಲಸ

ಹಟ್ಟಿ ಚಿನ್ನದ ಗಣಿ ಇರುವ ತಾಲ್ಲೂಕು ಇದು. ನಾವು ಹೋದ ಲೇತ್ ಶಾಪ್‌ನಲ್ಲಿ ತಮ್ಮನ ಕನಸಿನ ಬ್ಯಾಂಡ್ ಸಾ ನಡೆಯುತ್ತಿತ್ತು. ಹಲ್ಲಿನ ಉದ್ದ ಪಟ್ಟಿ ನಿಧಾನಕ್ಕೆ ಸುತ್ತುತ್ತಿತ್ತು, ಅದರ ಮೇಲೆ ಹಾಲಿನಂಥ ಕೂಲಂಟ್ ಸುರಿಯುತ್ತಿತ್ತು. ಕಿಡಿ ಇಲ್ಲ, ಸದ್ದು ಕಡಿಮೆ, ಕಬ್ಬಿಣ ಪೋಲಾಗುವುದೂ ಕಡಿಮೆ. ಚಾಪ್ ಸಾ ಬಿಸಿಗೆ ಶಾಫ್ಟ್‌ನ ತುದಿ ಗಡುಸಾಗಿ ಲೇತ್‌ನ ಟೂಲ್ ಹಾಳಾಗುತ್ತದೆ. ಇಲ್ಲಿ ಆ ಕಾಟವಿಲ್ಲ.

ಮಾಲೀಕರು ಕೇಳಿದರು: "ದಿನಕ್ಕ ಎಷ್ಟು ಶಾಫ್ಟ್ ಕಟ್ ಮಾಡ್ತೀಯಪಾ?"

"ಸದ್ಯಕ್ಕ ಎರಡು ಗೇಟು, ಒಂದು ಟ್ರೇಲರ್ ಐತ್ರಿ."

"ಮತ್ತ ಇದನ್ನ ತಗೊಂಡು ಪೂಜಿ ಮಾಡ್ತೀಯೇನು? ಮ್ಯಾಲೆ ತ್ರೀ ಫೇಸ್ ಕನೆಕ್ಷನ್ ಬೇರೆ ಬೇಕು."

ತಮ್ಮ ಬಿಡಲಿಲ್ಲ. ಚಾಪ್ ಸಾಗೇ ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿದರೆ ಹೇಗೆ ಅಂದ. ಮಾಲೀಕರ ಮುಖ ಗಂಭೀರವಾಯಿತು. ಆ ಬ್ಲೇಡ್ 1,300ರಿಂದ 1,500 ಸುತ್ತಿನ ಬೇರೆ ಮಷಿನ್‌ಗೆಂದೇ ಇರುವುದು. 3,800 ಸುತ್ತಿನದಕ್ಕೆ ಹಾಕಿದರೆ ಹಲ್ಲು ಕಿತ್ತು ಗುಂಡಿನಂತೆ ಹಾರುತ್ತವೆ.

ರಾತ್ರಿ ಮನೆಯಲ್ಲಿ ಅವನ ಕೈಯಿಂದಲೇ ಹಾಳೆಯ ಮೇಲೆ ಬರೆಸಿದೆ: ಮುಂದಿನ ಆರು ತಿಂಗಳು ಏನು ಕತ್ತರಿಸ್ತೀಯಾ? ಎಷ್ಟು ದಪ್ಪದ್ದು? ಶೆಡ್‌ಗೆ ಎಂಥ ಕರೆಂಟ್? ಮಷಿನ್ ಹಿಂದೆ ನಿಲ್ಲೋರು ಯಾರು? ಬರೆದು ಮುಗಿಸುವಷ್ಟರಲ್ಲಿ ಉತ್ತರ ಅವನಿಗೇ ಕಂಡಿತ್ತು. 12 ಸಾವಿರದ ಚಾಪ್ ಸಾ ತಗೊಂಡ. ಮುಖ ಪೂರ್ತಿ ಮುಚ್ಚುವ ಶೀಲ್ಡ್ ನಾನು ಕೊಡಿಸಿದೆ. ಗ್ರೈಂಡರ್ ಅವನ ಬಳಿ ಇತ್ತು. ಶೆಡ್‌ನ ಪಕ್ಕದಲ್ಲೇ ಹುಲ್ಲಿನ ಬಣವೆ ಇದ್ದುದರಿಂದ ಕಿಡಿ ಗೋಡೆಯ ಕಡೆ ಹಾರುವಂತೆ ಮಷಿನ್ ಕೂಡಿಸಿದ. ಶಾಫ್ಟ್ ಆರ್ಡರ್ ಬಂದರೆ ಲಿಂಗಸುಗೂರಿನಲ್ಲಿ ಕೂಲಿ ಕೊಟ್ಟು ಕತ್ತರಿಸಿಕೊಂಡು ಬರುತ್ತಾನೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮೊದಲ ಟ್ರೇಲರ್ ತೋರಿಸಿದ. ಶೀಲ್ಡ್ ಹಣೆಯ ಮೇಲೆ ಏರಿ ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ಅದನ್ನು ಕೆಳಗೆಳೆಯಿತು. ಬಳೆ ಸದ್ದು ಮಾಡಿದವು.