ಬೆಟ್ಟದ ಹೊಳೆಗೆ ಇಳಿಯುವ ಮುನ್ನ: ಕೆರೆಯಲ್ಲಿ ಕಲಿತ ಈಜು ಇಲ್ಲಿ ಸಾಲದು

ಜಗಳೂರು: ಬಯಲುಸೀಮೆಯ ಈ ತಾಲ್ಲೂಕಿನಲ್ಲಿ ನೀರೆಂದರೆ ಕೆರೆ, ಬಾವಿ ಹಾಗೂ ಕೊಳವೆಬಾವಿ. ತುಂಗಭದ್ರೆಯ ನೀರನ್ನು ಕೊಳವೆಗಳ ಮೂಲಕ ತಂದು ಕೆರೆ ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದ ನೆಲವಿದು. ಇಲ್ಲಿನ ಮಕ್ಕಳು ಈಜು ಕಲಿಯುವುದು ನಿಂತ ನೀರಿನಲ್ಲಿ. ಮಹಾನಗರಗಳ ಈಜುಕೊಳದಲ್ಲಿ ಕಲಿತವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮಳೆಗಾಲ ಬಂತೆಂದರೆ ಇವರೆಲ್ಲ ತಂಡ ಕಟ್ಟಿಕೊಂಡು ಮಲೆನಾಡಿನ ನದಿಗಳತ್ತ ರ‍್ಯಾಫ್ಟಿಂಗ್‌ಗೆ ಹೊರಡುವುದು ಈಗ ವಾಡಿಕೆಯಾಗಿದೆ. ‘ಈಜು ಬರುತ್ತದೆ’ ಎಂಬ ಧೈರ್ಯವೇ ಬಹುತೇಕರ ಸಿದ್ಧತೆ. ಆದರೆ ಹರಿಯುವ ಹೊಳೆಯ ಮುಂದೆ ಆ ಧೈರ್ಯ ಸಾಲದು. ಸುರಕ್ಷಿತ ಪ್ರವಾಸದ ಮುಖ್ಯ ತೀರ್ಮಾನಗಳು ದಡದಲ್ಲಿ ಅಲ್ಲ, ಮನೆಯಲ್ಲೇ ಆಗಬೇಕು.

ಹರಿಯುವ ನೀರಿನ ತೂಕ

ಜಲಾಶಯದ ಒಳಹರಿವು, ಹೊರಹರಿವಿನ ಸುದ್ದಿಯಲ್ಲಿ ‘ಕ್ಯುಸೆಕ್’ ಎಂಬ ಪದವನ್ನು ಎಲ್ಲರೂ ಓದಿರುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್ ನೀರು. ಅಂದರೆ 1,000 ಕ್ಯುಸೆಕ್ ಹರಿಯುವ ಹೊಳೆಯಲ್ಲಿ ಪ್ರತಿ ಸೆಕೆಂಡಿಗೆ 28 ಟನ್‌ಗೂ ಹೆಚ್ಚು ತೂಕದ ನೀರು ಸಾಗುತ್ತಿರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ದೇಹದ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಿನ್ನೆ ಮೊಣಕಾಲುದ್ದದ ನೀರಿನಲ್ಲಿ ದಾಟಿದ ಹಳ್ಳ ಇಂದು ಸೊಂಟದ ಮಟ್ಟಕ್ಕೆ ಬಂದರೆ ಗಟ್ಟಿಮುಟ್ಟಾದ ಯುವಕನನ್ನೂ ಕೆಡವಬಲ್ಲದು.

ಯಾವ ಹೊಳೆ? ಯಾರ ನೀರು?

ರಾಜ್ಯದ ರ‍್ಯಾಫ್ಟಿಂಗ್ ತಾಣಗಳಲ್ಲಿ ಉತ್ತರ ಕನ್ನಡದ ಕಾಳಿ ಹಾಗೂ ಕೊಡಗಿನ ಬರಪೊಳೆ ಪ್ರಮುಖವಾದವು. ಇವೆರಡರ ಸ್ವಭಾವ ಬೇರೆ ಬೇರೆ.

ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟುವ ಕಾಳಿಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆ ಅಡ್ಡವಾಗಿದೆ. ಕೆಳಭಾಗದ ಹರಿವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಿದ್ಯುತ್ ಉತ್ಪಾದನೆಗಾಗಿ ಬಿಡುವ ನೀರು. ಈ ಕಾರಣದಿಂದಲೇ ದಾಂಡೇಲಿ ಭಾಗದಲ್ಲಿ ಬೇಸಿಗೆಯಲ್ಲೂ ರ‍್ಯಾಫ್ಟಿಂಗ್ ಸಾಧ್ಯವಾಗುತ್ತದೆ. ಆದರೆ ಆಕಾಶ ಶುಭ್ರವಾಗಿದ್ದಾಗಲೂ ನೀರಿನ ಮಟ್ಟ ಏರಬಹುದು ಎಂಬುದನ್ನು ಮರೆಯುವಂತಿಲ್ಲ. ನದಿಯ ನಡುವಿನ ಬಂಡೆಯ ಮೇಲೆ ಕುಳಿತು ಊಟ ಮಾಡುವುದು, ಫೋಟೊ ತೆಗೆಸಿಕೊಳ್ಳುವುದು ಇಲ್ಲಿ ರ‍್ಯಾಫ್ಟಿಂಗ್‌ಗಿಂತಲೂ ಅಪಾಯಕಾರಿ.

ಬರಪೊಳೆ ಹಾಗಲ್ಲ. ಬ್ರಹ್ಮಗಿರಿ ಶ್ರೇಣಿಯಿಂದ ಇಳಿದು ಪಶ್ಚಿಮಾಭಿಮುಖವಾಗಿ ಕೇರಳಕ್ಕೆ ಹರಿಯುವ ಇದು ಮಳೆಯನ್ನೇ ನಂಬಿದ ಹೊಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇಲ್ಲಿ ರ‍್ಯಾಫ್ಟಿಂಗ್‌ನ ಕಾಲ. ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗೆ ಪ್ರವಾಹವಾಗಿ ಬರುತ್ತದೆ. ದಡದಲ್ಲಿ ನಿಂತವರಿಗೆ ಒಂದು ಹನಿಯೂ ಬಿದ್ದಿರಬೇಕಿಲ್ಲ. ತಿಳಿಯಾಗಿದ್ದ ನೀರು ಕೆಂಪಾಗುವುದು, ಕಸಕಡ್ಡಿ, ಎಲೆ ತೇಲಿ ಬರುವುದು ಹೊಳೆ ಏರುತ್ತಿರುವ ಸೂಚನೆ. ಆಗ ಕ್ಷಣವೂ ತಡಮಾಡದೆ ಎತ್ತರದ ಜಾಗ ಸೇರಬೇಕು.

ಆರು ದರ್ಜೆಗಳು

ರಭಸದ ಹರಿವನ್ನು ಅಂತರರಾಷ್ಟ್ರೀಯವಾಗಿ 1ರಿಂದ 6ರವರೆಗೆ ದರ್ಜೆಗಳಾಗಿ ವಿಂಗಡಿಸಲಾಗಿದೆ. ಒಂದನೆಯದು ಸಣ್ಣ ಅಲೆಗಳ ಸರಾಗ ಹರಿವು. ಮೂರನೆಯದರಲ್ಲಿ ಹುಟ್ಟು ಹಾಕುವವರೆಲ್ಲ ಒಟ್ಟಾಗಿ ನಾಯಕನ ಮಾತು ಕೇಳಲೇಬೇಕು. ನಾಲ್ಕು ಮತ್ತು ಐದು ಅನುಭವಿಗಳಿಗೆ ಮೀಸಲು. ಆರನೆಯದು ಪ್ರಾಣವನ್ನೇ ಪಣಕ್ಕಿಡುವಂಥದ್ದು. ಮೊದಲ ಬಾರಿಗೆ ಹೋಗುವವರು ಎರಡನೇ ದರ್ಜೆಯಿಂದ ಆರಂಭಿಸಿ, ನುರಿತ ಮಾರ್ಗದರ್ಶಕರಿದ್ದರೆ ಮಾತ್ರ ಮೂರಕ್ಕೆ ಹೋಗುವುದು ಲೇಸು. ಒಂದೇ ಜಾಗದ ದರ್ಜೆ ಒಂದು ರಾತ್ರಿಯ ಮಳೆಗೆ ಬದಲಾಗಬಹುದಾದ್ದರಿಂದ ಕಳೆದ ವರ್ಷ ಹೋಗಿ ಬಂದವರ ಮಾತನ್ನೇ ನೆಚ್ಚುವಂತಿಲ್ಲ.

ಹಣ ಕೊಡುವ ಮುನ್ನ ಕೇಳಬೇಕಾದ್ದು

ರ‍್ಯಾಫ್ಟಿಂಗ್ ನಡೆಸುವ ಸಂಸ್ಥೆಗೆ ಪರವಾನಗಿ ಇದೆಯೇ? ಮಾರ್ಗದರ್ಶಕರು ರಕ್ಷಣಾ ಕಾರ್ಯ ಹಾಗೂ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದಾರೆಯೇ? ಒಂದು ರ‍್ಯಾಫ್ಟ್‌ನಲ್ಲಿ ಎಷ್ಟು ಜನ? ಜತೆಯಲ್ಲಿ ರಕ್ಷಣೆಗೆಂದು ಕಯಾಕ್ ಅಥವಾ ಮತ್ತೊಂದು ರ‍್ಯಾಫ್ಟ್ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಪಡೆಯದೆ ಮುಂಗಡ ನೀಡಬಾರದು. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಪ್ರವಾಸಿಗರಿದ್ದ ರ‍್ಯಾಫ್ಟೊಂದು ಅಪಾಯಕ್ಕೆ ಸಿಲುಕಿ, ಅದರಲ್ಲಿದ್ದವರನ್ನು ರಕ್ಷಿಸಿದ ಬಳಿಕ ಮಿತಿಮೀರಿ ಜನರನ್ನು ಕೂರಿಸುವ ಪ್ರಶ್ನೆ ಚರ್ಚೆಗೆ ಬಂದಿತ್ತು.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಮಳೆಯಿಂದ ಪ್ರವಾಸ ರದ್ದಾದರೆ ಹಣ ಮರಳಿ ಸಿಗುತ್ತದೆಯೇ? ‘ಇಷ್ಟು ದೂರ ಬಂದಿದ್ದೇವೆ, ಹಣವೂ ಕೊಟ್ಟಾಗಿದೆ’ ಎಂಬ ಮಾತೇ ತಂಡವನ್ನು ತುಂಬಿದ ಹೊಳೆಗೆ ಇಳಿಸುತ್ತದೆ. ದಿನ ಬದಲಿಸಲು ಒಪ್ಪುವ ಸಂಸ್ಥೆಯನ್ನು ಆರಿಸಿಕೊಂಡರೆ ಈ ಒತ್ತಡವೇ ಇರುವುದಿಲ್ಲ.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಮ್ಮ ಊರಿಗಲ್ಲ, ಹೊಳೆ ಹುಟ್ಟುವ ಬೆಟ್ಟಕ್ಕೆ ಸಂಬಂಧಿಸಿ ನೋಡಬೇಕು. 24 ಗಂಟೆಗಳಲ್ಲಿ 115.6ರಿಂದ 204.4 ಮಿ.ಮೀ. ಮಳೆಯನ್ನು ‘ಅತಿ ಭಾರಿ’ ಎಂದು ಇಲಾಖೆ ವರ್ಗೀಕರಿಸುತ್ತದೆ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಪ್ರವಾಸ ಕೈಬಿಡುವುದೆಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿರಬೇಕು. ತಂಡದಲ್ಲಿ ಒಬ್ಬರು ಬೇಡವೆಂದರೂ ಯಾರೂ ಬಲವಂತ ಮಾಡಕೂಡದು.

ಮೈಮೇಲೆ ಏನಿರಬೇಕು?

ಲೈಫ್ ಜಾಕೆಟ್ ಹಾಗೂ ಹೆಲ್ಮೆಟ್ ಈಜು ಬಲ್ಲವರಿಗೂ ಕಡ್ಡಾಯ. ಜಾಕೆಟ್‌ನ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಗಲ್ಲ, ಕಿವಿಯವರೆಗೆ ಜಾರಿದರೆ ಅಳತೆ ಸರಿಯಿಲ್ಲವೆಂದೇ ಅರ್ಥ. ಹಿಂಬದಿ ಪಟ್ಟಿಯಿರುವ ಪಾದರಕ್ಷೆ ಇರಲಿ, ಚಪ್ಪಲಿ ಬೇಡ. ಜೀನ್ಸ್, ದುಪಟ್ಟಾ, ಕೊರಳಿಗೆ ನೇತುಹಾಕಿದ ಕ್ಯಾಮೆರಾ ನೀರಿನಲ್ಲಿ ಉರುಳಾಗಬಲ್ಲವು. ಮದ್ಯ ಸೇವಿಸಿ ಇಳಿಯಲೇಬಾರದು. ಹೃದ್ರೋಗಿಗಳು, ಮೂರ್ಛೆರೋಗ ಇರುವವರು ಹಾಗೂ ಗರ್ಭಿಣಿಯರು ದೂರವಿರುವುದು ಕ್ಷೇಮ. ಈಜು ಬಾರದಿದ್ದರೆ ಅದನ್ನು ಮಾರ್ಗದರ್ಶಕರಿಗೆ ಮೊದಲೇ ತಿಳಿಸುವುದರಲ್ಲಿ ನಾಚಿಕೆಯೇನಿಲ್ಲ.

ನೀರಿಗೆ ಬಿದ್ದರೆ

ಬಿದ್ದಾಕ್ಷಣ ಎದ್ದು ನಿಲ್ಲಲು ಯತ್ನಿಸುವುದು ಸಹಜ. ಅದೇ ದೊಡ್ಡ ತಪ್ಪು. ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿದರೆ ಸೆಳವು ದೇಹವನ್ನು ಮುಂದಕ್ಕೆ ಕೆಡವಿ ತಲೆಯನ್ನು ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ಮೇಲೆತ್ತಿ, ಕೈಗಳಿಂದ ದಡದತ್ತ ಸಾಗಬೇಕು. ಹೊಳೆಗೆ ಅಡ್ಡ ಬಿದ್ದ ಮರ ಜರಡಿಯಿದ್ದಂತೆ: ನೀರು ಹಾದುಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಅಂತಹ ಮರ ಕಂಡರೆ ಆದಷ್ಟು ಬೇಗ ಪಕ್ಕಕ್ಕೆ ಈಜಬೇಕು. ದಡದಿಂದ ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಬೇಕೇ ಹೊರತು ಕೈಗೆ ಸುತ್ತಿಕೊಳ್ಳಬಾರದು.

ದಡದಲ್ಲಿರುವವರ ಕರ್ತವ್ಯ ಇನ್ನೂ ಕಠಿಣ. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರೂ ನೀರುಪಾಲಾದ ಸುದ್ದಿ ನಾಡಿಗೆ ಹೊಸದಲ್ಲ. ಮೊದಲು ಕೋಲು ಚಾಚಬೇಕು, ಆಗದಿದ್ದರೆ ಹಗ್ಗ ಎಸೆಯಬೇಕು, ಅದೂ ಆಗದಿದ್ದರೆ ರ‍್ಯಾಫ್ಟ್ ಕಳುಹಿಸಬೇಕು. ತರಬೇತಿಯಿಲ್ಲದವರು ತಾವೇ ಧುಮುಕುವುದು ಸಲ್ಲದು.

ಕಾಡಿನ ನಡುವೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಯಾವ ಹೊಳೆ, ಯಾವ ಸಂಸ್ಥೆ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೊರಡಬೇಕು. ಹೇಳಿದ ಹೊತ್ತು ಮೀರಿದರೆ ಆ ಸಂಸ್ಥೆಗೂ 112ಕ್ಕೂ ಕರೆ ಮಾಡಬೇಕಾದವರು ಅವರೇ. ಹೊಳೆ ತುಂಬಿ ಹರಿಯುವುದನ್ನು ಕಂಡು ದಡದಿಂದಲೇ ಹಿಂತಿರುಗಿದ ತಂಡವೂ ತನ್ನ ಪ್ರವಾಸವನ್ನು ಸರಿಯಾಗಿ ಮುಗಿಸಿದಂತೆಯೇ ಸರಿ.